ವಿಧವೆ ಮರಕ್ಕೆ ಬಿಟ್ಟ ಜಾಗ

ನೊಂಕ್ ಯುಲಿಸ್ ತನ್ನ ಕನ್ನಡಕವನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ನನ್ನ ಮರಗಳನ್ನು ನೋಡುವಾಗ ಆ ಡಬ್ಬಿ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಒಂದು ಸುತ್ತು ಬಂದು, "ಚೆನ್ನಾಗಿದೆ, ಜರ್ವೇ" ಎಂದು ಮುಂದೆ ಹೋಗುತ್ತಿದ್ದ. ಅರ್ಲೀನ್‌ಳ ಮರ ಎದುರಿಗೆ ಬಂದರೆ ಮಾತ್ರ ಜೇಬಿಗೆ ಕೈ ಹೋಗುತ್ತಿತ್ತು. ಡಬ್ಬಿ ಟಕ್ ಎನ್ನುತ್ತಿತ್ತು. ಕನ್ನಡಕ ಮೂಗಿನ ಮೇಲೆ ಕೂತ ಮೇಲೆ ಮುದುಕ ಮಾತೇ ಆಡುತ್ತಿರಲಿಲ್ಲ. ಹೊಗಳಿಕೆ ನನಗೆ, ಕನ್ನಡಕ ಅವಳಿಗೆ. ಎಂಟು ವರ್ಷ ನಾನು ಆ ಟಕ್ ಎಂಬ ಸದ್ದು ಕೇಳುತ್ತ ಬಂದಿದ್ದೆ.

ಅವನು ನಮಗೆ ಯಾರಿಗೂ ಸ್ವಂತ ಚಿಕ್ಕಪ್ಪನಲ್ಲ. ನಮ್ಮ ಕಾಲುವೆಯ ದಡದಲ್ಲಿ ಅಷ್ಟು ವಯಸ್ಸಾದವರನ್ನೆಲ್ಲ ನೊಂಕ್ ಎಂದೇ ಕರೆಯುವುದು. ಹರೆಯದಲ್ಲಿ ಅಚಫಲಾಯ ಜೌಗಿನ ತಳದಿಂದ ಮುಳುಗಿದ ದಿಮ್ಮಿಗಳನ್ನು ಎಳೆದು ಬದುಕಿದವನು. ಮೈಯಲ್ಲಿ ಕಸುವು ಇಳಿದ ಮೇಲೆ ಅದೇ ಸೈಪ್ರೆಸ್ ಮರಗಳನ್ನು ಮೊಣಕಾಲೆತ್ತರದಲ್ಲಿ, ತಟ್ಟೆಗಳಲ್ಲಿ ಬೆಳೆಸಲು ಕೂತ. ನಾನು ಅವನ ಮೊದಲ ಶಿಷ್ಯ. ಅರ್ಲೀನ್‌ಳನ್ನು ಅವನ ಅಂಗಳಕ್ಕೆ ಕರೆದುಕೊಂಡು ಹೋದವನೂ ನಾನೇ.

ಅವಳಿಗೆ ನಾನು ಪರೇನ್, ಎಂದರೆ ಜ್ಞಾನತಂದೆ. ಅವಳ ಜ್ಞಾನಸ್ನಾನದ ದಿನ ನನ್ನ ಇಪ್ಪತ್ತೊಂದು ವರ್ಷದ ತೋಳುಗಳಲ್ಲಿ ಅವಳನ್ನು ಎತ್ತಿ ಹಿಡಿದಿದ್ದೆ. ಆಗಿನ ಪದ್ಧತಿಯಂತೆ ಪಾದ್ರಿ ನಾಲಿಗೆಯ ಮೇಲೆ ಉಪ್ಪಿನ ಹರಳು ಇಟ್ಟಾಗ ಕೂಸು ಮುಖ ಕಿವುಚಿ ನನ್ನ ಹೊಸ ಕೋಟಿನ ಮೇಲೆ ಉಗುಳಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ದೋಣಿ ನಡೆಸುವುದು, ಬಲೆ ಬಿಡುವುದು ಹೇಳಿಕೊಟ್ಟಿದ್ದೂ ನಾನು. ಜನವರಿಯಲ್ಲಿ ನೀರು ಇಳಿದು ಮರಗಳು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿರುವಾಗ ಜೌಗಿನಲ್ಲಿ ಸೊಂಟದವರೆಗೆ ಇಳಿದು, ಗರಗಸವನ್ನು ಮಟ್ಟಸವಾಗಿ ಹಿಡಿದು ಬೇರು ಕೊಯ್ದು ಕುಳ್ಳ ಮರವನ್ನು ತಟ್ಟೆಗೆ ಎತ್ತುವುದು ಹೇಗೆ ಎಂದು ತೋರಿಸಿದವನೂ ನಾನೇ. ಒಂದು ಚಳಿಗಾಲದಲ್ಲಿ ಕಲಿತಳು. ಎರಡನೇ ಚಳಿಗಾಲದಲ್ಲಿ ನಾನು ಒಂದು ಮರಕ್ಕೆ ಗರಗಸ ಇಟ್ಟಾಗ, "ಅದು ಬೇಡ ಪರೇನ್, ಅದರ ಹಿಂದೆ ಇದ್ಯಲ್ಲ, ಸೊಟ್ಟಂದು, ಅದನ್ನ ತಗೋ" ಎಂದಳು. ನಾನು ನನಗೆ ಬೇಕಾದ್ದನ್ನೇ ಕೊಯ್ದೆ. ಅವಳು ಸೊಟ್ಟದ್ದನ್ನು ಒಯ್ದಳು. ಐದು ವರ್ಷದ ಮೇಲೆ ನನ್ನದು ಗೂಟದ ಹಾಗೆ ನಿಂತಿತ್ತು. ಅವಳದನ್ನು ನೋಡಿದರೆ ಕಾಲ ಕೆಳಗೆ ನೀರಿದೆ ಅನ್ನಿಸುತ್ತಿತ್ತು.

ಯುಲಿಸ್‌ನ ಅಂಗಳದಲ್ಲಿ ಸಿಮೆಂಟಿನ ತೊಟ್ಟಿಯೊಂದರಲ್ಲಿ ಒಂದು ಮರವಿತ್ತು. ಸುತ್ತಲಿನ ಮರವನ್ನೆಲ್ಲ ಕಡಿದು ಸಾಗಿಸಿದ ಒಂದು ಬಯಲಿನಲ್ಲಿ ಇದೊಂದೇ ಕುಳ್ಳಗೆ ಉಳಿದಿತ್ತಂತೆ. ಹಾಗಾಗಿ ಅದಕ್ಕೆ ವಿಧವೆ ಎಂದು ಹೆಸರಿಟ್ಟಿದ್ದ. ನಲವತ್ತು ವರ್ಷ ಅವನ ಕೈಯಲ್ಲಿತ್ತು. ಬುಡ ಕವುಚಿ ಹಾಕಿದ ಆಲಿಕೆಯ ಹಾಗೆ ಅಗಲವಾಗಿ, ಮಡಿಕೆ ಮಡಿಕೆಯಾಗಿ ಹರಡಿತ್ತು. ನೆತ್ತಿ ಬಿರುಗಾಳಿ ಮುರಿದ ದೊಡ್ಡ ಮರಗಳ ನೆತ್ತಿಯಂತೆ ಚಪ್ಪಟೆ. ನಾನು ಅವನ ಮನೆಗೆ ಯಾವ ಕೆಲಸಕ್ಕೆ ಹೋದರೂ ಮೊದಲು ಅದರ ಬುಡವನ್ನು ಅಂಗೈಯಿಂದ ಸವರಿ ಆಮೇಲೆ ಬಾಗಿಲು ತಟ್ಟುತ್ತಿದ್ದೆ.

ಅವನಿಗೆ ಎಂಬತ್ತಮೂರು ತುಂಬಿದ ವರ್ಷ ಕೈ ನಡುಗಲು ಶುರುವಾಯಿತು. ಕೊಂಬೆ ಬಗ್ಗಿಸುವ ತಂತಿ ಸುತ್ತಲು ಆಗದಾಯಿತು. ಫೆಬ್ರವರಿಯ ಮೊದಲಲ್ಲಿ ನಮ್ಮಿಬ್ಬರನ್ನೂ ಕರೆಸಿ ವಿಧವೆಯ ಮುಂದೆ ನಿಲ್ಲಿಸಿದ.

"ಇವಳು ಒಂಟಿಯಾಗಿ ನಿಂತಿದ್ದು ಸಾಕು. ಒಂದು ಕಾಡು ಬೇಕು ಇವಳಿಗೆ. ಇಬ್ರೂ ಒಂದೊಂದು ತಟ್ಟೇಲಿ ಕಾಡು ಕಟ್ಟಿ, ಇವಳಿಗೆ ಅಂತ ಜಾಗ ಬಿಡಿ. ಈಸ್ಟರ್ ಹಿಂದಿನ ಶನಿವಾರ ಇಲ್ಲಿಗೆ ತನ್ನಿ, ನೋಡ್ತೀನಿ. ಯಾರ ಕಾಡಿಗೆ ಹೊಂದ್ತಾಳೋ ಅವರಿಗೆ. ಮುಂದಿನ ಚಳಿಗಾಲ ಎಲೆ ಉದುರಿದ ಮೇಲೆ ಕಿತ್ಕೊಂಡ್ ಹೋಗಿ."

"ಜಗಳ ಹಚ್ತಿದ್ದೀಯಾ ನೊಂಕ್?" ಎಂದು ಅರ್ಲೀನ್ ನಕ್ಕಳು.

"ನಾನು ಸತ್ತ ಮೇಲೆ ಆಡೋ ಜಗಳ ನನ್ನ ಕಣ್ಣ ಮುಂದೇನೇ ಆಡಿ. ನಂಗೂ ಹೊತ್ತು ಹೋಗ್ಬೇಕಲ್ಲ."

ಒಂಟಿ ಮರದಲ್ಲಿ ತಪ್ಪನ್ನು ಮುಚ್ಚಿಡಬಹುದು. ಒಂದು ಕೊಂಬೆ ಇಳಿಬಿಟ್ಟರೆ ಆಯಿತು. ಕಾಡಿನಲ್ಲಿ ಮುಚ್ಚಲು ಬರುವುದಿಲ್ಲ. ಎಲ್ಲ ಕಾಂಡಗಳೂ ಎದ್ದು ಕಾಣುತ್ತವೆ, ಅವುಗಳ ನಡುವಿನ ಖಾಲಿಯೂ ಕಾಣುತ್ತದೆ. ಯುಲಿಸ್ ಒಂದು ಬೆಂಕಿಕಡ್ಡಿಯನ್ನು ದೋಣಿ ಎಂದು ಇಟ್ಟುಕೊಂಡು ಮರಗಳ ನಡುವೆ ದಬ್ಬಿ ನೋಡುತ್ತಿದ್ದ. ಮುಂದಿನ ಅಂಚಿನಿಂದ ಹೊರಟ ಕಡ್ಡಿ ತಿರುಗಿ ತಿರುಗಿ ಹಿಂದಿನ ಅಂಚು ಮುಟ್ಟಬೇಕು. ನಡುವೆ ಎಲ್ಲಾದರೂ ನಿಂತರೆ, "ಇದು ಕಾಡಲ್ಲ, ಪೊದೆ" ಎನ್ನುತ್ತಿದ್ದ.

ನಾನು ಹನ್ನೆರಡು ಮರ ಆರಿಸಿದೆ. ಹನ್ನೊಂದು ವರ್ಷದಲ್ಲಿ ಕೂಡಿಟ್ಟಿದ್ದರಲ್ಲಿ ಅತ್ಯುತ್ತಮವಾದವು. ವಿಧವೆ ಸೇರಿದರೆ ಹದಿಮೂರು. ಬೇರುಗಳನ್ನು ತಾಮ್ರದ ತಂತಿಯಿಂದ ತಟ್ಟೆಗೆ ಬಿಗಿದೆ, ಜೌಗಿನ ಕಪ್ಪು ಕೆಸರು ತುಂಬಿದೆ, ಪಾಚಿ ಹೊದಿಸಿದೆ, ನಡುವೆ ಒಂದು ಊಟದ ತಟ್ಟೆಯಷ್ಟು ಜಾಗ ಬಿಟ್ಟೆ. ನನ್ನ ಹೆಂಡತಿ ಥೀಡಾ ಬಟ್ಟೆ ಒಣಹಾಕಲು ಬಂದವಳು ನಿಂತು ನೋಡಿದಳು.

"ಏನಿದು, ಕೋಳಿಗೆ ಬೇಲಿ ಹಾಕ್ತಿದ್ದೀಯಾ?"

"ಕಾಡು."

"ಓಹೋ. ಕೋಳಿ ಯಾವಾಗ ಬರುತ್ತೆ?"

ಮಾರ್ಚಿನಲ್ಲಿ ಎಳೆಹಸಿರು ಚಿಗುರು ಹಕ್ಕಿಯ ಗರಿಯ ಹಾಗೆ ಒಡೆದಾಗ ನನ್ನ ಕಾಡು ಚೆನ್ನಾಗಿಯೇ ಕಂಡಿತು. ಅದೇ ವಾರ ಅರ್ಲೀನ್‌ಳ ಮನೆಗೆ ಹೋದೆ. ಬಲೆಯ ತೂಕದ ಸೀಸ ಕೇಳುವ ನೆಪ. ಹಿತ್ತಿಲಿನ ಹಲಗೆಯ ಮೇಲೆ ಅವಳ ತಟ್ಟೆ ಇತ್ತು.

ಎಂಟೇ ಮರ. ಅವೂ ಅಂಥ ದೊಡ್ಡವಲ್ಲ. ವಿಧವೆಗೆ ಬಿಟ್ಟ ಜಾಗ ನಡುವಿನಲ್ಲಿರದೆ ಎಡಕ್ಕೆ, ಸ್ವಲ್ಪ ಮುಂದಕ್ಕೆ ಇತ್ತು. ಎಂಟೂ ಮರಗಳು ಆ ಖಾಲಿ ಜಾಗದಿಂದ ಒಂದಿಷ್ಟು ಆಚೆಗೆ ಬಾಗಿದ್ದವು. ಹತ್ತಿರದವು ಹೆಚ್ಚು, ದೂರದವು ಕಡಿಮೆ. ಒಂದು ದೊಡ್ಡ ಮರ ಅಲ್ಲಿ ಎಷ್ಟೋ ವರ್ಷ ನಿಂತು ನೆರಳು ಕವಿದಿದ್ದರೆ ಚಿಕ್ಕವು ಬೆಳಕಿಗಾಗಿ ಹೇಗೆ ಹೊರಗೆ ಚಾಚುತ್ತವೋ ಹಾಗೆ. ಇನ್ನೂ ಬಾರದ ಮರದ ನೆರಳು ಆಗಲೇ ಅಲ್ಲಿ ಬಿದ್ದಿತ್ತು. ಅದು ನನಗೆ ಹೊಳೆದಿರಲಿಲ್ಲ. ಇನ್ನೊಂದು ಹನ್ನೊಂದು ವರ್ಷ ಕೂತಿದ್ದರೂ ಹೊಳೆಯುತ್ತಿರಲಿಲ್ಲ.

"ಹೆಂಗಿದೆ ಪರೇನ್?"

"ಸ್ವಲ್ಪ ಎಡಕ್ಕೆ ಎಳೀತಿದೆ."

"ಎಳೀಲಿ ಅಂತಾನೇ."

"ನೋಡೋವಾಗ ಕಣ್ಣಿಗೆ ಸಮಾಧಾನ ಇಲ್ಲ ಕಣಮ್ಮ."

ಅವಳು ನನ್ನ ಮುಖ ನೋಡಿ ನಕ್ಕಳು. ಸೀಸ ಕೇಳುವುದು ಮರೆತು ಮನೆಗೆ ಬಂದೆ. ಥೀಡಾ ಬೀನ್ಸು ಅನ್ನ ಬಡಿಸಿದ್ದಳು. ಎರಡು ತುತ್ತಿಗೆ ತಟ್ಟೆ ದೂಡಿ ಹೊರಗೆ ಹೋಗಿ ನನ್ನ ಹನ್ನೆರಡು ಮರಗಳಿಗೆ ತಂತಿ ಸುತ್ತತೊಡಗಿದೆ. ಅವಳು ಮಾಡಿದಂತೆಯೇ ಆಚೆಗೆ ಬಗ್ಗಿಸಬೇಕು. ನನ್ನವು ಗಟ್ಟಿಯಾಗಿ ಬಲಿತ ನೆಟ್ಟನೆಯ ಕಾಂಡಗಳು, ಬಗ್ಗಲಿಲ್ಲ. ಮೂರು ವಾರ ದಿನಾ ಸಂಜೆ ಅದೇ ಕೆಲಸ. ಪವಿತ್ರ ವಾರದ ಗುರುವಾರ ದಪ್ಪ ತಂತಿಯೊಂದನ್ನು ಜಗ್ಗಿ ಎಳೆಯುವಾಗ ಅದು ಜಾರಿ ಬಲಗೈ ತೋರುಬೆರಳಿನ ಬುಡದಲ್ಲಿ ಆಳವಾಗಿ ಸೀಳಿತು. ಬಟ್ಟೆ ಸುತ್ತಿಕೊಂಡೆ. ಕದ್ದು ನೋಡಿ ಬರೆಯುವವನ ಕೈಗೆ ಬಿದ್ದ ಪೆಟ್ಟು.

ಗುಡ್ ಫ್ರೈಡೆ ದಿನ ಯುಲಿಸ್‌ನ ಅಂಗಳದಲ್ಲಿ ಕೆಸರು ಸಿಗಡಿ ಬೇಯಿಸುವುದು ಮೊದಲಿನಿಂದ ಬಂದದ್ದು. ಆ ದಿನ ಮಾಂಸವಿಲ್ಲ, ಮೀನು ಸಿಗಡಿ ಆಗುತ್ತದೆ. ಆ ದಿನ ನಮ್ಮವರು ಯಾರೂ ಮಣ್ಣಿಗೆ ಕಬ್ಬಿಣ ತಾಗಿಸುವುದಿಲ್ಲ. ಅಗೆದರೆ ನೆಲದಲ್ಲಿ ರಕ್ತ ಬರುತ್ತದೆ ಎಂದು ಅಜ್ಜಿಯರು ಹೇಳಿಕೊಟ್ಟಿದ್ದಾರೆ. ನಾವು ಯಾರೂ ಪರೀಕ್ಷೆ ಮಾಡಲು ಹೋಗಿಲ್ಲ. ಮರುದಿನದ ತೀರ್ಮಾನಕ್ಕೆಂದು ತಟ್ಟೆಗಳನ್ನೂ ಅಂದೇ ತಂದು ಅಲ್ಲೇ ಬಿಡುವುದೆಂದು ಮಾತಾಗಿತ್ತು.

ನಾನು ಬೆಳಿಗ್ಗೆಯೇ ಹೋದೆ. ಓಕ್ ಮರದ ಕೆಳಗೆ ಮರ ನೆನೆಸಲೆಂದೇ ಯಾವಾಗಲೂ ಇರುವ ಎರಡು ತಗಡಿನ ಟಬ್ಬುಗಳಲ್ಲಿ ಒಂದೇ ಇತ್ತು. ಅದಕ್ಕೆ ನೀರು ತುಂಬಿಸಿ ನನ್ನ ತಟ್ಟೆ ಇಳಿಸಿ ಚರ್ಚಿಗೆ ಹೋದೆ. ತಿರುಗಿ ಬಂದಾಗ ಎರಡನೆಯದೂ ಅದರ ಜಾಗದಲ್ಲೇ ಇತ್ತು. ತಿಳಿನೀರು ತುಂಬಿತ್ತು. ಅರ್ಲೀನ್ ಲಾರಿಯ ಹಿಂಬದಿ ಬಾಗಿಲು ಇಳಿಸುತ್ತಿದ್ದಳು. ದಾರಿಯ ಗಾಳಿಗೆ ಅವಳ ಪಾಚಿ ಒಣಗಿ ಅಂಚು ಸುರುಳಿಯಾಗಿತ್ತು.

"ಬಾಯಾರಿಬಿಟ್ಟಿವೆ ಪಾಪ. ಒಂದು ಕೈ ಹಾಕು ಪರೇನ್."

ಇಬ್ಬರೂ ಎರಡು ಕಡೆ ಹಿಡಿದು ತಟ್ಟೆಯನ್ನು ಎರಡನೇ ಟಬ್ಬಿಗೆ ಇಳಿಸಿದೆವು. ನನ್ನ ಕೈ ಮಣಿಕಟ್ಟಿನವರೆಗೆ ನೀರಿಗೆ ಹೋಯಿತು. ಬಟ್ಟೆ ನೆನೆದು, ಸೀಳಿದ ಬೆರಳಿಗೆ ಕೆಂಡ ತಾಗಿದಂತಾಯಿತು. ಹಲ್ಲು ಕಚ್ಚಿ ತಟ್ಟೆಯನ್ನು ತಳಕ್ಕೆ ಕೂರಿಸಿದೆ. ಅವಳು ಕೈ ಒರೆಸಿಕೊಂಡು ಆಲೂಗಡ್ಡೆ ತೊಳೆಯಲು ಅಡುಗೆಮನೆಗೆ ಹೋದಳು.

ನಾನು ಕೈ ಕೊಡವಿದೆ. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ.

ಅವಳ ಗಂಡ ಡೂಯಿ ಸಿಗಡಿಗಳ ಹೊಟ್ಟೆಯ ಕೆಸರು ಕಾರಿಸಲು ಬೆಳಿಗ್ಗೆ ಅದೇ ಟಬ್ಬನ್ನು ಎಳೆದೊಯ್ದಿದ್ದ. ಮೊದಲ ಎರಡು ನೀರು ರಾಡಿ. ಮೂರನೆಯದಕ್ಕೂ ಡಬ್ಬಿಗಟ್ಟಲೆ ಉಪ್ಪು ಸುರಿದು, ಸಿಗಡಿ ಗೋರಿಕೊಂಡು, ನೀರು ತಿಳಿಯಾಗಿದೆಯಲ್ಲ ಆಮೇಲೆ ಚೆಲ್ಲಿದರಾಯಿತು ಎಂದು ಟಬ್ಬನ್ನು ಹಾಗೇ ಎಳೆದು ತಂದು ಅದರ ಜಾಗದಲ್ಲಿಟ್ಟಿದ್ದ. ಉಪ್ಪಿಗೆ ಸಿಗಡಿ ಚೊಕ್ಕವಾಗುತ್ತದೋ ಇಲ್ಲವೋ ಯಾರಿಗೆ ಗೊತ್ತು, ಆದರೂ ನಾವೆಲ್ಲ ಹಾಕುತ್ತೇವೆ. ಸೈಪ್ರೆಸ್‌ಗೆ ಉಪ್ಪು ಏನು ಮಾಡುತ್ತದೆ ಎಂಬುದೂ ನಮಗೆಲ್ಲ ಗೊತ್ತು. ಸಮುದ್ರದ ನೀರು ಮೇಲೇರಿದ ಕಡೆಗಳಲ್ಲಿ ಬಿಳಿಯ ಅಸ್ಥಿಪಂಜರಗಳಂತೆ ನಿಂತ ಮರಗಳನ್ನು ನೋಡಿಕೊಂಡೇ ಬೆಳೆದವರು ನಾವು.

ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅಡುಗೆಮನೆಯ ಕಿಟಕಿ ಇಪ್ಪತ್ತು ಹೆಜ್ಜೆ ದೂರ. ಕೂಗಬೇಕು ಎಂದು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಕಣ್ಣು ಅವಳ ತಟ್ಟೆಯ ಆ ಖಾಲಿ ಜಾಗದ ಮೇಲೆ ಬಿತ್ತು. ಎಂಟೂ ಮರಗಳು ಅದಕ್ಕೆ ದಾರಿ ಬಿಟ್ಟು ನಿಂತಿದ್ದವು. ಪಕ್ಕದ ಟಬ್ಬಿನಲ್ಲಿ ನನ್ನ ಹನ್ನೆರಡು, ತಂತಿ ಬಿಗಿದ ಕೋಳಿ ಬೇಲಿ. ಬಾಯಿ ಮುಚ್ಚಿದೆ.

ಆಮೇಲೆ ಕಾರಣ ಹುಡುಕಿಕೊಂಡೆ. ಇವತ್ತು ಹೇಳಿದರೂ ಏನು ಉಪಯೋಗ, ಬೇರು ಬಿಡಿಸಿ ತೊಳೆಯಬೇಕಾಗುತ್ತದೆ, ಈ ದಿನ ಮಣ್ಣು ಕೆದಕುವವರು ಯಾರು, ನಾಳೆ ಹೇಳೋಣ. ಅದು ಸುಳ್ಳೆಂದು ಆಗಲೇ ಗೊತ್ತಿತ್ತು. ತಟ್ಟೆಯನ್ನು ಮೇಲೆತ್ತಿ ಮೇಲಿಂದ ನಾಲ್ಕು ಕೊಡ ಸಿಹಿನೀರು ಸುರಿದಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಕಬ್ಬಿಣ ಬೇಕಿರಲಿಲ್ಲ.

ಮೇಜಿನ ಮೇಲೆ ಹಳೆ ಪೇಪರು ಹಾಸಿ ಬೆಂದ ಸಿಗಡಿ ಸುರಿದರು. ಡೂಯಿ ನನ್ನ ಬೆನ್ನಿಗೆ ಗುದ್ದಿದ.

"ಏನ್ ಪರೇನ್, ಇವತ್ತು ಬಾಯಿ ಓಡ್ತಾ ಇಲ್ಲ? ನಾಳೆ ನನ್ ಹೆಂಡ್ತಿ ಕೈಲಿ ಸೋಲ್ತೀನಿ ಅಂತ ಹೊಟ್ಟೆ ಕೆಟ್ಟಿದ್ಯಾ?"

"ಬೆರಳು ನೋಯ್ತಿದೆ. ಸುಲಿಯೋಕಾಗ್ತಿಲ್ಲ" ಎಂದೆ.

ಅರ್ಲೀನ್ ಏನೂ ಹೇಳದೆ ತಾನು ಸುಲಿದ ಒಂದು ಹಿಡಿಯನ್ನು ನನ್ನ ಮುಂದಕ್ಕೆ ಸರಿಸಿದಳು. ನಾನು ತಿಂದೆ.

ಶನಿವಾರ ಬೆಳಿಗ್ಗೆ ಹೋಗುವಾಗಲೇ ದೂರದಿಂದ ಕಂಡಿತು. ಅವಳ ಮರಗಳ ಎಲೆಗಳು ತಲೆ ತಗ್ಗಿಸಿ ಬೂದಿ ಬಣ್ಣಕ್ಕೆ ತಿರುಗಿದ್ದವು, ತುದಿ ಒಳಕ್ಕೆ ಮುದುಡಿತ್ತು. ಯುಲಿಸ್‌ನ ಡಬ್ಬಿ ಟಕ್ ಎಂದಿತು. ಕನ್ನಡಕ ಏರಿಸಿ ಬಗ್ಗಿ ನೋಡಿದ. ನಡುಗುವ ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟ.

"ಉಪ್ಪು" ಎಂದ.

ಡೂಯಿ ಓಡಿ ಬಂದು ಟಬ್ಬಿಗೆ ಬಗ್ಗಿದ. "ಅಯ್ಯೋ ದೇವರೇ... ಆ ಟಬ್ಬಿಗೆ ಯಾಕೆ ಇಟ್ಯೇ? ಅಲ್ಲ, ನಾನೇ ಚೆಲ್ಲಬೇಕಿತ್ತು. ನನ್ ತಲೆಗೆ ಒಂದು ಹೊಡಿಯೇ, ಹೊಡಿ."

ಅವಳು ಹೊಡೆಯಲಿಲ್ಲ, ಅಳಲೂ ಇಲ್ಲ. ತಟ್ಟೆಯನ್ನು ಒಬ್ಬಳೇ ಎತ್ತಿ ಹುಲ್ಲಿನ ಮೇಲಿಟ್ಟು, ಪೈಪು ಎಳೆದು ತಂದು, ಮಣ್ಣು ಬಿಡಿಸಿ ಒಂದೊಂದೇ ಬೇರು ತೊಳೆಯಲು ಕೂತಳು. ಆ ಹೊತ್ತಿಗೆ ಉಪ್ಪು ಬೇರಿನಿಂದ ಎಲೆಯ ತುದಿಯವರೆಗೆ ಏರಿಯಾಗಿತ್ತು.

ಯುಲಿಸ್ ನನ್ನ ತಟ್ಟೆಯ ಕಡೆ ತಿರುಗಿದ. ಬರುವಾಗಲೇ ಕನ್ನಡಕ ತೆಗೆದು ಡಬ್ಬಿಗೆ ಹಾಕಿದ. ಒಂದು ಸುತ್ತು ಬಂದ. ಬೆಂಕಿಕಡ್ಡಿಯನ್ನು ದಬ್ಬಲೂ ಇಲ್ಲ.

"ಚೆನ್ನಾಗಿದೆ, ಜರ್ವೇ. ವಿಧವೆ ನಿಂದು."

ಆ ವರ್ಷ ಅವಳ ಎಂಟರಲ್ಲಿ ಐದು ಒಣಗಿದವು. ಮೂರು ಮೇ ತಿಂಗಳಲ್ಲಿ ಬುಡದಿಂದ ಚಿಗುರಿದವು. ಊರಲ್ಲಿ ಯಾರ ಮನೆಯಲ್ಲಿ ಸಿಗಡಿ ಬೆಂದರೂ, "ಡೂಯಿ, ಉಪ್ಪಿನ ನೀರು ಎಲ್ಲಿ ಚೆಲ್ಲಿದ್ಯೋ?" ಎಂದು ಯಾರೋ ಒಬ್ಬರು ಕೇಳುವುದು, ಉಳಿದವರು ನಗುವುದು ವಾಡಿಕೆಯಾಯಿತು. ಡೂಯಿಯೂ ನಗುತ್ತಿದ್ದ, ಪ್ರತಿ ಸಲ ಸ್ವಲ್ಪ ಕಡಿಮೆ. ನಾನೂ ಎಲ್ಲರ ಜೊತೆ ನಕ್ಕೆ. ಮರ ನನ್ನದಾಗಿತ್ತು. ಆದರೂ ಅವಳ ಹಿತ್ತಿಲಿನ ಬಳಿ ಹೋಗುವಾಗ ಆ ಮೂರು ಚಿಗುರನ್ನು ಕಂಡು ಮುಖ ತಿರುಗಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ಸಾಯದೆ ಉಳಿದವಲ್ಲ ಎಂದು.

ಮುಂದಿನ ಫೆಬ್ರವರಿಯಲ್ಲಿ ವಿಧವೆಯನ್ನು ಕೀಳುವ ದಿನ ಬಂತು. ಒಬ್ಬನಿಂದ ಆಗುವ ಕೆಲಸವಲ್ಲ. ಯುಲಿಸ್ ನನ್ನನ್ನು ಕೇಳದೆ ಅರ್ಲೀನ್‌ಗೆ ಹೇಳಿ ಕಳಿಸಿದ್ದ. ಅವಳು ರಬ್ಬರ್ ಬೂಟು ಹಾಕಿ ಗರಗಸ ಹಿಡಿದು ಬಂದಳು. ಮುದುಕ ಸೊಂಟ ಹಿಡಿದುಕೊಂಡು ಒಳಗೆ ಮಲಗಿದ್ದ. ಇಬ್ಬರೂ ತೊಟ್ಟಿ ಒಡೆದು, ಬೇರಿನ ಗಡ್ಡೆ ತೊಳೆದು, ತಳವನ್ನು ಮಟ್ಟಸ ಕೊಯ್ದು, ನನ್ನ ಲಾರಿಗೆ ಏರಿಸಿ ನನ್ನ ಹಿತ್ತಿಲಿಗೆ ತಂದೆವು. ಅವಳು ತನ್ನ ಲಾರಿಯಲ್ಲಿ ಹಿಂದೆಯೇ ಬಂದಳು. ಮರವನ್ನು ಹಲಗೆಯ ಮೇಲೆ ಇಳಿಸಿ ಉಸಿರು ಬಿಡುವಾಗ ನನ್ನ ಬಾಯಿಂದ ಹೊರಟಿತು.

"ಅವತ್ತು ನಂಗೆ ಗೊತ್ತಿತ್ತು ಅರ್ಲೀನ್. ನೀರು ಉಪ್ಪು ಅಂತ."

"ನಂಗೂ ಗೊತ್ತು, ನಿಂಗೆ ಗೊತ್ತಿತ್ತು ಅಂತ."

 ಅವಳು ಬೇರಿಗೆ ಅಂಟಿದ ಕೆಸರು ಕೆರೆಯುತ್ತಲೇ ಹೇಳಿದಳು.

"ಕಿಟಕೀಲಿ ನೋಡ್ತಿದ್ದೆ. ನೀನು ಕೈ ಕೊಡವಿ ಬೆರಳು ಬಾಯಿಗಿಟ್ಕೊಂಡೆ. ಗಾಯ ಉರೀತಿದೆ ಅಂತ ನಾನು ಅಂದ್ಕೊಂಡೆ. ಮಾರನೇ ದಿನ ನೊಂಕ್ ಹಂಗೇ ಬೆರಳು ಬಾಯಿಗಿಟ್ನಲ್ಲ, ಆಗ ತಿಳೀತು."

"ಯಾರಿಗೂ ಹೇಳ್ಲಿಲ್ಲ ನೀನು."

"ಏನಂತ ಹೇಳ್ಲಿ? ನನ್ ಪರೇನ್ ಸುಮ್ನಿದ್ದ ಅಂತಾನಾ?"

"ಗುಡ್ ಫ್ರೈಡೆ ದಿನ ಮಣ್ಣು ಕೆದಕೋದು ಹೆಂಗೆ ಅಂತ..."

"ಕೆದಕ್ತಿದ್ದೆ. ಪಾದ್ರಿ ಎದುರಿಗೇ ಕೆದಕ್ತಿದ್ದೆ, ರಕ್ತ ಬಂದ್ರೆ ಬರ್ಲಿ ಅಂತ." ಆಗ ಮಾತ್ರ ಅವಳ ದನಿ ಏರಿತು. ಕೆರೆಯುವ ಕಡ್ಡಿಯನ್ನು ಕೆಳಗಿಟ್ಟಳು. "ಡೂಯಿ ಇವತ್ತಿಗೂ ಊಟದಲ್ಲಿ ಉಪ್ಪು ಕೇಳಲ್ಲ ಗೊತ್ತಾ? ಸಪ್ಪೆ ತಿಂದು ಎದ್ದು ಹೋಗ್ತಾನೆ."

 "ಮತ್ತೆ ಯಾಕೆ ಬಂದೆ?" ಎಂದೆ.

"ನಿಂಗೋಸ್ಕರ ಅಲ್ಲ. ಇವಳ ಬುಡ ಒಂದ್ಸಲ ಕೈಯಲ್ಲಿ ಹಿಡೀಬೇಕು ಅಂತ ಎಂಟೊಂಬತ್ತು ವರ್ಷದಿಂದ ಆಸೆ. ನೀನು ಬಾಗಿಲು ತಟ್ಟೋ ಮುಂಚೆ ಸವರ್ತೀಯಲ್ಲ, ನಾನು ಹೋಗೋವಾಗ ಸವರ್ತಿದ್ದೆ." ಎದ್ದು ನಿಂತಳು. "ಎತ್ತು, ಬೇರು ಒಣಗತ್ತೆ."

ನನ್ನ ತಟ್ಟೆಯ ನಡುವಿನ ಜಾಗಕ್ಕೆ ಇಳಿಸಿದೆವು. ಅಳತೆ ಸರಿಯಾಗಿತ್ತು, ಆದರೆ ಕಣ್ಣಿಗೆ ಕೂರಲಿಲ್ಲ. ಹನ್ನೆರಡು ಜನ ಸಿಪಾಯಿಗಳ ನಡುವೆ ಹಿಡಿದು ತಂದ ಮುದುಕಿಯ ಹಾಗಿತ್ತು. ನಾನು ಸುತ್ತ ತಿರುಗಿ ನೋಡಿದೆ. ಅರ್ಲೀನ್ ಒಂದು ನಿಮಿಷ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಮೇಲೆ ಬಗ್ಗಿ, ನನ್ನ ಮುಂದಿನ ಸಾಲಿನ ಎರಡು ಮರಗಳ ತಂತಿ ಕತ್ತರಿಸಿ, ಕಿತ್ತು, ಹುಲ್ಲಿನ ಮೇಲೆ ಹಾಕಿದಳು. ನನ್ನನ್ನು ಕೇಳಲಿಲ್ಲ. ವಿಧವೆಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಎರಡು ಬೆರಳಿನಷ್ಟು ಎಡಕ್ಕೆ ಸರಿಸಿ, ಮುಖವನ್ನು ಸ್ವಲ್ಪ ತಿರುಗಿಸಿದಳು. ಬುಡದ ಮಡಿಕೆಯೊಂದು ಮುಂದಕ್ಕೆ ಬಂತು. ಅದರ ಪಕ್ಕದಲ್ಲಿ, ಎಲ್ಲಿಂದಲೋ, ಒಂದು ನೀರಿನ ದಾರಿ ತೆರೆದುಕೊಂಡು ಹಿಂದಿನ ಮರಗಳ ನಡುವೆ ಹೋಗಿ ಮರೆಯಾಯಿತು.

"ಕಟ್ಕೋ" ಎಂದು ಹೇಳಿ ಕೈ ತೊಳೆದು ಹೊರಟುಹೋದಳು. ಹೋಗುವ ಮುಂಚೆ ಬುಡವನ್ನು ಒಂದು ಸಲ ಸವರಿದಳು.

ಅವಳ ಲಾರಿಯ ಸದ್ದು ನಿಂತ ಮೇಲೆ ನಾನು ಮರವನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿದೆ. ಕಿತ್ತ ಎರಡನ್ನೂ ಮತ್ತೆ ಇಟ್ಟೆ. ನೋಡಿದೆ. ನೀರಿನ ದಾರಿ ಮುಚ್ಚಿಹೋಗಿತ್ತು. ಬೆಂಕಿಕಡ್ಡಿ ದಬ್ಬಿದೆ, ನಾಲ್ಕು ಬೆರಳು ಹೋಗಿ ನಿಂತಿತು. ಥೀಡಾ ಊಟಕ್ಕೆ ಎರಡು ಸಲ ಕರೆದಳು. ಮೂರನೇ ಸಲ ಕರೆಯುವ ಹೊತ್ತಿಗೆ ಎರಡು ಮರಗಳನ್ನೂ ತೆಗೆದು, ವಿಧವೆಯನ್ನು ಅರ್ಲೀನ್ ಇಟ್ಟಂತೆಯೇ ಇಟ್ಟು, ತಂತಿ ಬಿಗಿದಿದ್ದೆ. ಅವಳ ಬೆರಳಿನ ಗುರುತು ಕೆಸರಿನಲ್ಲಿ ಇನ್ನೂ ಇತ್ತು, ಅದರ ಮೇಲೆಯೇ ಕೂರಿಸಿದೆ.

ಮಾರ್ಚಿನ ಕೊನೆಯಲ್ಲಿ ಹಸಿರು ಚುಕ್ಕಿಗಳು ಒಡೆದವು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಯುಲಿಸ್‌ನನ್ನು ಲಾರಿಯಲ್ಲಿ ಕೂರಿಸಿಕೊಂಡು ಬಂದೆ. ಕೋಲೂರಿಕೊಂಡು ಹಿತ್ತಿಲಿಗೆ ನಡೆದ. ತಟ್ಟೆಯ ಮುಂದೆ ನಿಂತ. ಕಣ್ಣು ಕಿರಿದು ಮಾಡಿದ. "ಚೆನ್ನಾಗಿದೆ" ಎನ್ನುವುದನ್ನು ಕಾಯುತ್ತಿದ್ದೆ.

ಅವನ ಕೈ ಜೇಬಿಗೆ ಹೋಯಿತು. ಟಕ್.

ಹನ್ನೆರಡು ವರ್ಷದಲ್ಲಿ ಮೊದಲ ಸಲ. ಕುರ್ಚಿ ಎಳೆದು ಕೂತು, ಮಾತಿಲ್ಲದೆ ಬಹಳ ಹೊತ್ತು ನೋಡಿದ. ಜೇಬಿನಿಂದ ಬೆಂಕಿಕಡ್ಡಿ ತೆಗೆದು ಮುಂದಿನ ಅಂಚಿನಲ್ಲಿಟ್ಟು ಉಗುರಿನಿಂದ ದಬ್ಬಿದ. ಅದು ವಿಧವೆಯ ಮಡಿಕೆಯ ಪಕ್ಕದಿಂದ ತಿರುಗಿ, ಇನ್ನೊಮ್ಮೆ ತಿರುಗಿ, ಹಿಂದಿನ ಅಂಚಿನಲ್ಲಿ ಹೊರಬಂತು. 

"ಇವಳನ್ನ ಹಿಂಗೆ ತಿರುಗಿಸಿದ್ದು ಯಾರು?" ಎಂದ, ಕಣ್ಣು ತೆಗೆಯದೆ.

ನಾನು ಎಂದರೆ ಆಯಿತು. ಮರ ನನ್ನದು, ತಟ್ಟೆ ನನ್ನದು, ತಂತಿ ಬಿಗಿದದ್ದು ನಾನು. ಅರ್ಲೀನ್ ಬಂದು ಹೇಳುವವಳಲ್ಲ. ಒಂದು ವರ್ಷ ಬಾಯಿ ಬಿಡದವಳು ಈಗ ಬಿಡುತ್ತಾಳೆಯೇ? ಕನ್ನಡಕದ ಹಿಂದಿನ ಆ ದೊಡ್ಡದಾದ ಕಣ್ಣುಗಳು ಒಂದು ಗಳಿಗೆಯಾದರೂ ನನ್ನವಾಗಿರುತ್ತಿದ್ದವು.

"ಅರ್ಲೀನ್" ಎಂದೆ. ಗಾಳ ಕಚ್ಚಿದ ತುಟಿಯಿಂದ ಕೊಕ್ಕೆ ಎಳೆದ ಹಾಗಾಯಿತು. "ಮುಂದಿನ ಎರಡು ಮರ ಕಿತ್ತಿದ್ದೂ ಅವಳೇ. ಇನ್ನೊಂದು ಮಾತಿದೆ ನೊಂಕ್. ಆ ಉಪ್ಪಿನ ವಿಷಯ. ಡೂಯಿದು ತಪ್ಪಲ್ಲ ಅದು."

ಉಪ್ಪಿನ ವಿಷಯವನ್ನು ನಾನು ನಿಂತುಕೊಂಡೇ ಹೇಳಿದೆ.  ಮುಗಿದ ಮೇಲೂ ತಟ್ಟೆಯನ್ನೇ ನೋಡುತ್ತ ಕೂತಿದ್ದ.

"ತಿರುಗಿಸಿದ ಕೈ ಅವಳದೇ ಅಂತ ನಂಗೂ ಅನ್ನಿಸ್ತು" ಎಂದ ಕೊನೆಗೆ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿ, ಡಬ್ಬಿಗೆ ಹಾಕಿ ಮುಚ್ಚಿದ. "ಹೋಗಿ ಲಾರಿ ತಾ. ಡೂಯಿ ಮನೆ ಹತ್ರ ಹೋಗೋಣ. ನಾನು ಹೇಳಲ್ಲ. ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."